ಉಂಡ್ ಬಂದೇನಿ

ಅವ್ವಾ,

ಹಟ ಹಿಡಿದು ನನ್ನನ್ನು ಕನ್ನಡ ಶಾಲೆಗೆ ಹಾಕಿದವಳು ನೀನು. ಈ ಕಾಗದದ ಕಾಟಕ್ಕೂ ನೀನೇ ಹೊಣೆ. ಯುದ್ಧದ ದೆಸೆಯಿಂದ ಹತ್ತಿಮತ್ತೂರಿನಲ್ಲಿ ಸೀಮೆಎಣ್ಣೆ ಸಿಗುತ್ತಿಲ್ಲ, ಅದಕ್ಕೇ ಹಗಲಿನಲ್ಲೇ ಬರೆಯುತ್ತಿದ್ದೇನೆ. ನಿನ್ನ ಸೂಲಗಿತ್ತಿ ಕೆಲಸ ಈಗ ನನ್ನದು.

ನೆನಪಿದೆಯೇ? ಹೆರಿಗೆ ಮನೆಯಿಂದ ನೀನು ಬಂದ ಕೂಡಲೇ ನಾನು ತಾಟು ಇಡುತ್ತಿದ್ದೆ. "ಬ್ಯಾಡವಾ, ಅವರ ಮನ್ಯಾಗ ಉಂಡ್ ಬಂದೇನಿ," ಅನ್ನುತ್ತಿದ್ದೆ ನೀನು. ನಿನ್ನ ಪಾಲಿನ ರೊಟ್ಟಿಯನ್ನೂ ನಾನೇ ಖುಷಿಯಿಂದ ತಿನ್ನುತ್ತಿದ್ದೆ.

ಊರಿಗೆಲ್ಲ ಜ್ವರ ಬಂದ ಹಂಗಾಮಿನಲ್ಲಿ ರೋಗಿಗಳ ಆರೈಕೆಗೆ ಮನೆಮನೆ ತಿರುಗಿ ನೀನು ಅಂಗಳದಲ್ಲೇ ಕುಸಿದೆ. ಮತ್ತೆ ಏಳಲಿಲ್ಲ. ನಿನ್ನ ಮುಂದೆ ಕೂತು ಪಕ್ಕದ ಮನೆಯ ನೀಲವ್ವಕ್ಕ ಅತ್ತಳು: "ನಮ್ಮ ಮನ್ಯಾಗ ಒಂದ್ ತುತ್ತ ಮುಟ್ಟಲಿಲ್ಲ ನೋಡವಾ. ಕರದಾಗೊಮ್ಮೆ ಮನ್ಯಾಗ ಉಂಡ್ ಬಂದೇನಿ ಅಂತಿದ್ಲು." ನನ್ನ ಅಳು ನಿಂತು ಸಿಟ್ಟು ಬಂತು. ಎರಡೂ ಕಡೆ ಉಂಡೇನಿ ಅಂದವಳು ಎಲ್ಲಿಯೂ ಉಂಡಿರಲಿಲ್ಲವಲ್ಲೇ! ಊರವರು ಗಂಗವ್ವ ದೇವತೆ ಅಂದರು. ನನಗೆ ದೇವತೆ ಯಾಕೆ ಬೇಕಿತ್ತು? ಅವ್ವ ಸಾಕಿತ್ತು.

ನಾನು ಮೊದಲ ಸಲ ಹೆರಿಗೆಗೆ ಹೊರಟಾಗ ನಿನ್ನ ಅಳಿಯ ಬಾಗಿಲಲ್ಲಿ ನಿಂತಿದ್ದರು. "ಹೋಗು, ಬ್ಯಾಡ ಅನ್ನೂದಿಲ್ಲ. ಆದ್ರ ನಿಮ್ಮವ್ವನಂಗ..." ಅನ್ನುತ್ತಾ ದಾರಿ ಬಿಟ್ಟರು. ನನಗೂ ಅದೇ ಹೆದರಿಕೆ ಇತ್ತು.

ಹೋದದ್ದು ಸವಣೂರಿನ ಎಲೆತೋಟದವರ ಮನೆಗೆ. ದಾರಿಯುದ್ದಕ್ಕೂ ಬಿಸಿಲು, ಹೊಟ್ಟೆ ಚುರುಗುಟ್ಟುತ್ತಿತ್ತು. ಸೊಸೆಗೆ ಬೇನೆ ಆಗಷ್ಟೇ ಶುರುವಾಗಿತ್ತು, ಹೊತ್ತು ಇತ್ತು. ನಾನು ಕೇಳಿಯೇಬಿಟ್ಟೆ: "ಹಸಿವಾಗೇದ್ರಿ. ಮೊದ್ಲ ಊಟಕ್ಕ ಕೊಡ್ರಿ."

ಅತ್ತೆ ಕೆಂಡವಾದಳು. "ಹುಡುಗಿ ಬ್ಯಾನಿ ತಿನ್ನಾಕತ್ತಾಳ, ನಿನಗ ರೊಟ್ಟಿ ಚಿಂತಿ! ನಿಮ್ಮವ್ವ ಹನಿ ನೀರ ಮುಟ್ಟತಿದ್ದಿಲ್ಲ!"

"ಅದಕ್ಕ ಆಕಿ ಇವತ್ತ ಇಲ್ರಿ. ಹಸದ್ರ ಕೈ ನಡಗ್ತಾವ. ನಡಗೋ ಕೈಯಾಗ ಕೂಸು ಕೊಡ್ತೀರೇನು?"

ಒಳಗಿನಿಂದ ಸೊಸೆ ಕೂಗಿದಳು: "ಕೊಡ್ರಿ ಅತ್ತಿ, ಆಕಿ ಉಣ್ಣೂತನಕ ನಾ ತಡ್ಕೋತೇನಿ!" ಅತ್ತೆಗೂ ನಗು ಬಂತು.

ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು. ಎಲ್ಲರ ಕಣ್ಣೆದುರು ಉಂಡೆ. ನಾಚಿಕೆಯಾಗಲಿಲ್ಲವೇ ಅನ್ನುತ್ತೀಯಾ? ಆಯಿತು. ಆದರೂ ಉಂಡೆ. ಕೂಸು ಕಾಲು ಮುಂದಾಗಿ ತಿರುಗಿತ್ತು. ನೀನು ಹೇಳಿಕೊಟ್ಟಂತೆ ಅವಸರ ಮಾಡಲಿಲ್ಲ, ಸಂಜೆಯವರೆಗೆ ಕದಲದೆ ಕೂತೆ. ಕೈ ನಡುಗಲಿಲ್ಲ ಅವ್ವ. ಕಡೆಕಡೆಗೆ ನೀನು ನಡುಗುವ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದೆ. ವಯಸ್ಸಾಯಿತು ಅಂದುಕೊಂಡಿದ್ದೆ ನಾನು... ಹುಟ್ಟಿದ್ದು ಹೆಣ್ಣು ಕೂಸು, ತಾಯಿ ಮಗಳು ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆ.

ಈಗ ಸುದ್ದಿ ಕೇಳು. ನನ್ನನ್ನು ಕರೆಯಲು ಬರುವ ಚಕ್ಕಡಿಯಲ್ಲಿ ಈಗ ಒಂದು ಬುತ್ತಿಯೂ ಬರುತ್ತದೆ. ಎಲೆತೋಟದ ಆ ಅತ್ತೆಯೇ ಶುರುಮಾಡಿದ್ದು, ನೋಡಿ ಎಲ್ಲರೂ ಕಲಿತರು. ಇವತ್ತು ಮುಂಜಾನೆ ಬಂದ ಚಕ್ಕಡಿಯವನು ಗಂಟು ಕೈಗಿಟ್ಟು, "ತಗೋರಿ, ಗಂಗವ್ವನ ಬುತ್ತಿ," ಅಂದ.

"ಗಂಗವ್ವ ಯಾರಪಾ?" ಬೇಕೆಂದೇ ಕೇಳಿದೆ.

"ಯಾರೋ ಗೊತ್ತಿಲ್ರಿ. ಸೂಲಗಿತ್ತಿ ಬುತ್ತಿಗೆ ಹಂಗ ಅಂತಾರ."

ಒಂದು ತುತ್ತೂ ಮುಟ್ಟದ ನಿನ್ನ ಹೆಸರು ಬುತ್ತಿಗೆ ಬಂದಿದೆ! ಚಕ್ಕಡಿಯಲ್ಲಿ ನನ್ನಷ್ಟಕ್ಕೆ ನಕ್ಕೆ, ಕಣ್ಣೀರಿಟ್ಟೆ, ಆಮೇಲೆ ಗಂಟು ಬಿಚ್ಚಿ ಉಂಡೆ. ಹೆರಿಗೆ ಸುಸೂತ್ರವಾಗಿ ಆಯಿತು, ಈಗಷ್ಟೇ ಮನೆಗೆ ಬಂದು ಕೂತಿದ್ದೇನೆ.

ಉಂಡ್ ಬಂದೇನಿ ಅವ್ವ. ಖರೇನ ಉಂಡೇನಿ.

ನಿನ್ನ ಮಗಳು