ತೆನೆ ಹಬ್ಬದ ದಿನ ತೆಗೆದ ಫೋಟೊ

ಮೋಲ್ನ್‌ಡಾಲ್, ಸ್ವೀಡನ್
14 ಸೆಪ್ಟೆಂಬರ್ 2025, ಭಾನುವಾರ

ಪ್ರೀತಿಯ ಪದ್ಮಿನಿ,

ಹಬ್ಬದ ಫೋಟೊ ಎಲ್ಲಿ ಎಂದು ನಿನ್ನೆಯಿಂದ ಮೂರು ಸಲ ವಾಟ್ಸಾಪಿನಲ್ಲಿ ಕೇಳಿದ್ದೀಯ. ಫೋಟೊ ಕಳಿಸುವುದು ಅರ್ಧ ನಿಮಿಷದ ಕೆಲಸ. ಆದರೆ ನಿನ್ನೆ ನಡೆದದ್ದನ್ನು ಫೋಟೊದ ಕೆಳಗೆ ಎರಡು ಸಾಲಿನಲ್ಲಿ ಬರೆಯಲು ಆಗುವುದಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಕಾಗದ ಹಿಡಿದು ಕೂತೆ. ಅಂಚೆಯಲ್ಲಿ ತಲುಪಲು ಎರಡು ಮೂರು ವಾರ ಬೇಕು. ಅಷ್ಟರಲ್ಲಿ ನಿನ್ನ ಶಾಲೆಗೆ ದಸರಾ ರಜೆ ಸಿಕ್ಕಿರುತ್ತದೆ, ಹೆಡ್‌ಮಿಸ್ ಆದ ನಿನಗೂ ಸ್ವಲ್ಪ ಪುರುಸೊತ್ತಿರುತ್ತದೆ. ನಾವು ಮೂವರೂ ಚೆನ್ನಾಗಿದ್ದೇವೆ. ನಾನಂತೂ ಇಷ್ಟು ಹಗುರಾಗಿ ಎದ್ದು ತುಂಬಾ ವರ್ಷವಾಗಿತ್ತು.

ತೆನೆ ಹಬ್ಬ ಈ ಸಲ ಸೋಮವಾರ ಬಂತು. ಇಲ್ಲಿ ಅದಕ್ಕೆ ಯಾರು ರಜೆ ಕೊಡುತ್ತಾರೆ? ನಾನು ಲ್ಯಾಬಿನಲ್ಲಿ, ಅಂತೋನಿ ಆಫೀಸಿನಲ್ಲಿ, ವೆನಿಸಾ ಶಾಲೆಯಲ್ಲಿ. ಹಾಗಾಗಿ ತೆನೆಯನ್ನೂ ಅದೇ ದಿನದ ಮರಿಯಮ್ಮನ ಹುಟ್ಟುಹಬ್ಬವನ್ನೂ ಶನಿವಾರಕ್ಕೆ ತಳ್ಳಿದೆವು. ಯೇಸುವಿನ ತಾಯಿಯಾದರೂ ಅವಳೂ ಮನೆಗೆಲಸ ಮಾಡಿಕೊಂಡು ಬದುಕಿದ ಹೆಂಗಸು, ಅರ್ಥ ಮಾಡಿಕೊಳ್ಳುತ್ತಾಳೆ.

ಹೊಸ ತೆನೆ ಇಲ್ಲದೆ ನಮ್ಮ ಹಬ್ಬವಿಲ್ಲವಲ್ಲ. ಭತ್ತ ಎಲ್ಲಿಂದ ತರುವುದು? ಅಂತೋನಿ ಊರ ಹೊರಗಿನ ಒಬ್ಬ ರೈತನನ್ನು ಹುಡುಕಿಕೊಂಡು ಹೋದ. ಅವನ ಹೊಲದಲ್ಲಿ ಓಟ್ಸ್ ಇನ್ನೂ ಒಂದು ಮೂಲೆಯಲ್ಲಿ ಕಟಾವಾಗದೆ ನಿಂತಿತ್ತು. ತೆನೆಯ ಕಟ್ಟು ಬೇಕು ಎಂದು ಕೇಳಿದ್ದಕ್ಕೆ ಆ ಮುದುಕ, ಹಕ್ಕಿಗಳಿಗಾ, ಕ್ರಿಸ್ಮಸ್ಸಿಗೆ ಇನ್ನೂ ಮೂರು ತಿಂಗಳಿದೆಯಲ್ಲ ಎಂದನಂತೆ. ಇಲ್ಲಿ ಕ್ರಿಸ್ಮಸ್ ಹೊತ್ತಿಗೆ ಓಟ್ಸ್ ತೆನೆಯ ಸಿವುಡು ಕಟ್ಟಿ ಅಂಗಳದಲ್ಲಿ ಹಕ್ಕಿಗಳಿಗೆಂದು ನಿಲ್ಲಿಸುತ್ತಾರೆ. ಹಕ್ಕಿಗಳಿಗಲ್ಲ, ನಮಗೇ ತಿನ್ನಲು ಎಂದಾಗ ನಕ್ಕು ಎರಡು ಕಟ್ಟು ಜಾಸ್ತಿ ಕೊಟ್ಟನಂತೆ.

ಪೂಜೆಯಲ್ಲಿ ಪೋಲೆಂಡಿನ ಪಾದ್ರಿಗಳು ಆ ತೆನೆಯನ್ನು ಆಶೀರ್ವದಿಸಿದರು. ಮಕ್ಕಳು ಮರಿಯಮ್ಮನಿಗೆ ಡೇಲಿಯಾ ಎಸಳು ಎರಚಿದರು. ಹೂ ತಂದ ಮಕ್ಕಳಿಗೆ ಊರಿನ ಹಾಗೆ ಕೊಡಲು ಕಬ್ಬಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಸೇಬು ಕೊಟ್ಟೆವು. ಚರ್ಚಿನ ಹಿಂದಿನ ಹಾಲ್‌ನಲ್ಲಿ ಊಟ. ಗಣೇಶನ ಹಬ್ಬಕ್ಕೆ ಬೆಂಗಳೂರು ಮೈಸೂರಿನವರು ನಮ್ಮನ್ನು ಕರೆದಿದ್ದರು, ಈಗ ನಾವು ಅವರನ್ನು ಕರೆದೆವು. ಹೇಗೂ ಆ ದಿನ ಮೀನು ಮಾಂಸ ಇಲ್ಲದ ಅಡುಗೆ, ಯಾರಿಗೂ ಸಂಕೋಚವಿಲ್ಲ. ಏಳು ಬಗೆ ಪಲ್ಯ ಪದಾರ್ಥ ಮಾಡಿದೆ. ಅಮಟೆಕಾಯಿಗೆ ಬದಲು ಹುಳಿ ಸೇಬು ಹಾಕಿದೆ, ಬಾಯಿ ಬಿಟ್ಟು ಹೇಳದಿದ್ದರೆ ನಿನಗೂ ಗೊತ್ತಾಗುತ್ತಿರಲಿಲ್ಲ. ಓಟ್ಸ್ ಕಾಳಿನ ಸಿಪ್ಪೆ ಮಾತ್ರ ಮಹಾ ಹಟಮಾರಿ. ವೆನಿಸಾಳೂ ನಾನೂ ಉಗುರಿನಿಂದ ಬಿಡಿಸಿ ಬಿಡಿಸಿ ಕೊನೆಗೆ ಒಂದು ಹಿಡಿ ಸಿಕ್ಕಿತು. ಅದನ್ನೇ ತೆಂಗಿನ ಹಾಲಿಗೆ ಹಾಕಿ ಅರವತ್ತು ಜನಕ್ಕೆ ಒಂದೊಂದು ಚಮಚ ಹಂಚಿದೆವು.

ಊಟ ಮುಗಿದ ಮೇಲೆ ಜೀವನ್ ಪರದೆ ಇಳಿಸಿದ. ಜೀವನ್ ಮೈಸೂರಿನವನು, ನಮ್ಮ ಕನ್ನಡ ಬಳಗದ ಕೆಲಸಕ್ಕೆಲ್ಲ ಅವನೇ ಮುಂದೆ. ಒಳ್ಳೆಯ ಮನಸ್ಸಿನ ಮನುಷ್ಯ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಟ್ಟೆ ತುಂಬಾ ಹಬ್ಬದೂಟ ಮಾಡಿದಾಗಲೆಲ್ಲ ಊರಿನ ಬಡ ಮಕ್ಕಳ ನೆನಪಾಗುತ್ತದೆ, ನಾವು ಏನಾದರೂ ಮಾಡಬೇಕು ಎಂದ. ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ. ಆಮೇಲೆ ಪರದೆಯ ಮೇಲೆ ಮಕ್ಕಳ ಫೋಟೊಗಳು ಬಂದವು. ಊರಿನ ಯಾವುದೋ ಒಂದು ಟ್ರಸ್ಟಿನವರು ಕಳಿಸಿದ್ದು. ಇಪ್ಪತ್ತನಾಲ್ಕು ಮಕ್ಕಳು, ಒಬ್ಬೊಬ್ಬರ ಕೆಳಗೂ ಹೆಸರು, ವಯಸ್ಸು, ಅಪ್ಪ ಅಮ್ಮ ಏನು ಮಾಡುತ್ತಾರೆ, ಮನೆಯಲ್ಲಿ ಏನೇನಿಲ್ಲ ಎಂದು.

“ಒಂದೊಂದು ಫ್ಯಾಮಿಲಿ ಒಂದೊಂದು ಮಗು ಸೆಲೆಕ್ಟ್ ಮಾಡ್ಕೊಳ್ಳಿ,” ಎಂದ ಜೀವನ್. “ವರ್ಷಕ್ಕೊಂದು ಫೋಟೊ, ಒಂದು ಥ್ಯಾಂಕ್ಸ್ ಲೆಟರ್ ಬರುತ್ತೆ. ಬಡತನ ಅಂದ್ರೆ ಏನು ಅಂತ ನಮ್ ಮಕ್ಕಳಿಗೂ ಗೊತ್ತಾಗ್ಬೇಕಲ್ವಾ.”

ಮಕ್ಕಳೆಲ್ಲ ಪರದೆಯ ಹತ್ತಿರ ಓಡಿದರು. ನನ್ನ ಮಗಳು ಎರಡು ಜಡೆಯ ಒಬ್ಬ ಹುಡುಗಿಯ ಮುಂದೆ ನಿಂತು ನೋಡಿದಳು, ಆಮೇಲೆ ನನ್ನ ಕಡೆ ತಿರುಗಿದಳು. “ಮಮ್ಮಿ, ಇವಳು ಬೇಡ. ಅವಳ ಡ್ರೆಸ್ ಹೊಸದು, ನಗ್ತಾ ಇದ್ದಾಳೆ. She's not really poor.”

ಅವಳ ತಪ್ಪಲ್ಲ, ಪದ್ಮಿನಿ. ಹನ್ನೊಂದು ವರ್ಷದ ಮಗು, ತೋರಿಸಿದ್ದನ್ನು ನೋಡಿದಳು. ಆದರೆ ನನ್ನ ಕೈಯಲ್ಲಿದ್ದ ತಟ್ಟೆಯನ್ನು ಎಲ್ಲಿಟ್ಟೆನೋ ನನಗೆ ನೆನಪಿಲ್ಲ. ನಾನು ಎದ್ದು ನಿಂತಿದ್ದೆ.

“ಜೀವನ್, ನಾನೂ ಇಂಥದೇ ಒಂದು ಫೋಟೊದಲ್ಲಿ ಇದ್ದವಳು,” ಎಂದೆ.

ಹದಿನಾರು ವರ್ಷ ಜೊತೆಗೆ ಬಾಳಿದ ಅಂತೋನಿಗೂ ನಾನಿದನ್ನು ಹೇಳಿರಲಿಲ್ಲ. ನಾವು ಬಡವರಿದ್ದೆವು ಎಂಬುದು ಅವನಿಗೆ ಗೊತ್ತು, ಅಮ್ಮ ಬೀಡಿ ಕಟ್ಟುತ್ತಿದ್ದದ್ದೂ ಗೊತ್ತು. ಪರದೇಶದ ಒಬ್ಬರ ದಾನದಿಂದ ನಾನು ಓದಿದೆ ಎನ್ನುವುದನ್ನು ಮಾತ್ರ ಯಾರಿಗೂ ಹೇಳಬೇಡ ಎಂದು ಅಮ್ಮ ಮದುವೆಯ ಮುಂಚೆ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಅವಳು ಹೋಗಿ ನಾಲ್ಕು ವರ್ಷವಾಯಿತು. ನಿನ್ನೆ ಆ ಮಾತು ಮುರಿದೆ.

ಆ ದಿನ ನೀನೂ ಅಲ್ಲಿದ್ದೆ, ನಿನಗೆ ಹೇಳಬೇಕಾದ್ದೇನಿದೆ? ಆದರೂ ಅಲ್ಲಿ ಹೇಳಿದ ಹಾಗೆಯೇ ಬರೆಯುತ್ತೇನೆ. ನನಗೆ ಎಂಟು ವರ್ಷ. ಅವತ್ತೂ ತೆನೆ ಹಬ್ಬ. ಬೀಡಿ ಬೋನಸ್ಸಿನಲ್ಲಿ ಅಮ್ಮ ಬಟ್ಟೆ ತಂದು ಫ್ರಾಕ್ ಹೊಲಿಸಿದ್ದಳು. ಪೂಜೆ ಮುಗಿಸಿ ಬರುವಾಗ ಕಾನ್ವೆಂಟಿನ ಅಂಗಳದಲ್ಲಿ ಫೋಟೊ ತೆಗೆಯುವವರು ಬಂದಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಈ ಬಟ್ಟೆಯಲ್ಲಿ ತೆಗೆದರೆ ಯಾರೂ ಸಹಾಯ ಮಾಡುವುದಿಲ್ಲ, ಹಳೆಯದು ಹಾಕಿಸಿಕೊಂಡು ಬನ್ನಿ ಎಂದರು. ಅಮ್ಮ ನನ್ನನ್ನು ಮನೆಗೆ ಕರೆದುಕೊಂಡು ಹೋಗಿ ಹೊಸ ಫ್ರಾಕ್ ಬಿಚ್ಚಿಸಿದಳು. ತೋಳು ಹರಿದದ್ದನ್ನು ಹಾಕಿಸಿ, ಬಾಚಿದ ತಲೆಯನ್ನು ಕೈಯಿಂದ ಕೆದರಿ, ಮತ್ತೆ ಕರೆದುಕೊಂಡು ಬಂದಳು. ನಗಬೇಡ ಎಂದು ಅವಳೇ ಹೇಳಿದಳು. ಮರುದಿನ ಕಟ್ಟಿದ ಬೀಡಿ ಕೊಟ್ಟು ಬರಲು ಬ್ರಾಂಚಿಗೆ ಹೋಗುವಾಗ ಹೊಸ ಫ್ರಾಕ್ ಹಾಕಿಸಿ, ಪೌಡರ್ ಬಳಿದು, ನನ್ನನ್ನು ಪೇಟೆಯ ನಡುವಿನಿಂದಲೇ ಸುತ್ತಿಸಿಕೊಂಡು ಹೋದಳು. ಹತ್ತಿರದ ದಾರಿ ಬೇರೆ ಇತ್ತು.

ಜರ್ಮನಿಯ ಉರ್ಸುಲಾ ಎಂಬ ತಾಯಿ ಆ ಫೋಟೊ ನೋಡಿ ನನ್ನನ್ನು ಆರಿಸಿಕೊಂಡರು. ಒಂಬತ್ತು ವರ್ಷ ಓದಿಸಿದರು, ಕ್ರಿಸ್ಮಸ್ಸಿಗೆ ಉಡುಗೊರೆಯ ಪೆಟ್ಟಿಗೆ ಕಳಿಸಿದರು. ಆಕೆ ನನಗೆ ಒಳ್ಳೆಯದನ್ನೇ ಮಾಡಿದವರು. ಅವರಿಲ್ಲದಿದ್ದರೆ ನಾನು ಇವತ್ತು ಔಷಧದ ಲ್ಯಾಬಿನಲ್ಲಿ ನಿಲ್ಲುತ್ತಿರಲಿಲ್ಲ. ಇದನ್ನೂ ಅಲ್ಲಿ ಹೇಳಿದೆ. ಆದರೆ ಪ್ರತಿ ವರ್ಷ ಅವರಿಗೆ ಥ್ಯಾಂಕ್ಸ್ ಪತ್ರ ಬರೆಯಲು ಕೂತಾಗ, ನಾನು ಎಷ್ಟು ಸಂತೋಷವಾಗಿದ್ದೇನೆಂದು ಬರೆಯಬೇಕು, ಎಷ್ಟು ಬಡವಳೆಂದೂ ಬರೆಯಬೇಕು, ಎರಡೂ ಹದವಾಗಿ ಬರಬೇಕು. ಎಂಟು ವರ್ಷದ ಮಗು ಕಲಿಯಬೇಕಾದ ವಿದ್ಯೆಯಲ್ಲ ಅದು. ಸಹಾಯ ಮಾಡೋಣ, ಖಂಡಿತ ಮಾಡೋಣ, ಆದರೆ ನಮ್ಮ ಮಕ್ಕಳು ಆ ಮಕ್ಕಳಲ್ಲಿ ಯಾರು ಹೆಚ್ಚು ಬಡವರೆಂದು ಆರಿಸುವುದು ಬೇಡ ಎಂದೆ.

ಜೀವನನ ಮುಖ ಸಣ್ಣದಾಯಿತು. ಮೊದಲು ಮಾತಾಡಿದ್ದು ಕಮಲಾ, ಇಲ್ಲಿ ದಾಗಿಸ್ ಎನ್ನುವ ಶಿಶುವಿಹಾರದಲ್ಲಿ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವವಳು. ಪತ್ರ ಬರದಿದ್ದರೆ ನಾವು ಕಳಿಸಿದ್ದು ತಲುಪಿತೋ ಇಲ್ಲವೋ ಗೊತ್ತಾಗುವುದು ಹೇಗೆ ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆಯೇ. ಕೇಳುವುದಿದ್ದರೆ ದೊಡ್ಡವರನ್ನು ಕೇಳೋಣ, ಮಕ್ಕಳಿಂದ ಬರೆಸುವುದು ಬೇಡ ಎಂದೆ. ಎಲ್ಲರೂ ಮೊಬೈಲು ನೋಡತೊಡಗಿದರು. ಹಬ್ಬ ಕೆಡಿಸಿದೆನಲ್ಲ ಎಂದು ನನಗೆ ಅಳು ಬರುವ ಹಾಗಾಯಿತು.

ಆಗ ಹಿಂದಿನ ಸಾಲಿನಿಂದ ಜೀವನನ ತಾಯಿ ಇಂದುಮತಿಯಮ್ಮ ಎದ್ದರು. ಮೂರು ತಿಂಗಳ ಮಟ್ಟಿಗೆ ಮಗನ ಮನೆಗೆ ಬಂದವರು. ಎಪ್ಪತ್ತು ದಾಟಿದೆ, ಮಾತು ಕಡಿಮೆ. ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತಾ ಮಗನನ್ನು ನೋಡಿ ಹೇಳಿದರು.

“ನಿಮ್ಮಪ್ಪ ಮಂಗಳವಾರ ಉಪವಾಸ ಇರ್ತಿದ್ರಲ್ಲ, ಅದು ಆಂಜನೇಯನಿಗೆ ಅಂತ ಅಂದ್ಕೊಂಡಿದ್ದೀಯ ನೀನು. ಅವರು ಓದಿದ್ದು ವಾರಾನ್ನದಲ್ಲಿ. ಆರು ದಿನಕ್ಕೆ ಆರು ಮನೆ ಸಿಕ್ಕಿತ್ತು ಊಟಕ್ಕೆ. ಮಂಗಳವಾರಕ್ಕೆ ಮನೆ ಸಿಗಲಿಲ್ಲ ಕಣೋ.”

ಜೀವನ್ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತ. ಯಾಕಮ್ಮ ಇಷ್ಟು ವರ್ಷ ಹೇಳಲಿಲ್ಲ ಎಂದು ಕೇಳಿದ. ಹೇಳಬೇಡ ಅಂದಿದ್ದರು ಎಂದರು ಅವರು, ಅಷ್ಟೇ. ಆಮೇಲೆ ನನ್ನ ಕಡೆ ತಿರುಗಿದರು.

“ಮದುವೆಯಾದ ಮೇಲೆ ಆ ಆರರಲ್ಲಿ ಒಂದೇ ಮನೆಗೆ ನನ್ನನ್ನ ಕರ್ಕೊಂಡ್ ಹೋಗಿ ನಮಸ್ಕಾರ ಮಾಡ್ಸಿದ್ರಮ್ಮ, ಶುಕ್ರವಾರದ ಮನೆಗೆ. ಆ ಮನೇಲಿ ಅವರನ್ನ ತಮ್ಮ ಮಕ್ಕಳ ಜೊತೆ ಸಾಲಲ್ಲೇ ಕೂರಿಸಿ ಬಡಿಸ್ತಿದ್ರಂತೆ. ಏನೂ ಕೇಳ್ತಿರ್ಲಿಲ್ವಂತೆ.”

ಜೀವನ್ ಲ್ಯಾಪ್‌ಟಾಪ್ ಮುಚ್ಚಿದ. ಹೋಗಿ ಅಮ್ಮನ ಪಕ್ಕ ಕೂತ. ಸ್ವಲ್ಪ ಹೊತ್ತಿನ ಮೇಲೆ ಅವರಿಬ್ಬರೂ ಒಂದೇ ತಟ್ಟೆಯಿಂದ ಸೇಬಿನ ಹೋಳು ತಿನ್ನುತ್ತಿದ್ದದ್ದನ್ನು ನೋಡಿದೆ. ಆಮೇಲೆ ಏನಾಯಿತು ಅಂತೀಯ! ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ದೊಡ್ಡ ಹುದ್ದೆಯ ವೆಂಕಟೇಶ, ತಾನು ಹತ್ತನೇ ಕ್ಲಾಸಿನವರೆಗೆ ಅಣ್ಣನ ಚಪ್ಪಲಿಯನ್ನು ಪಾಳಿಯ ಮೇಲೆ ಹಾಕಿಕೊಂಡದ್ದನ್ನು ಹೇಳಿದ. ಬೆಳಿಗ್ಗೆ ಅಣ್ಣನಿಗೆ, ಮಧ್ಯಾಹ್ನ ತನಗೆ. ಕಾಫಿ ಎರಡು ಸಲ ಆಯಿತು. ಹಾಲ್‌ನ ಬೀಗದ ಕೈ ಕೇಳಲು ಬಂದ ಚರ್ಚಿನ ಹೆಂಗಸು ನಮ್ಮ ಗದ್ದಲ ನೋಡಿ ತಾನೂ ಒಂದು ಕಪ್ ಹಿಡಿದು ಕೂತಳು. ಅವಳಿಗೆ ವಿಷಯ ಹೇಳಿದಾಗ, ತನ್ನ ಅಜ್ಜನ ಕಾಲದಲ್ಲಿ ಇಲ್ಲಿಯೂ ಹೊಟ್ಟೆಗಿಲ್ಲದೆ ಜನ ಹಡಗು ಹತ್ತಿ ಅಮೆರಿಕಕ್ಕೆ ಹೋದದ್ದನ್ನು ನೆನಪಿಸಿಕೊಂಡಳು.

ಕೊನೆಗೆ ಎಲ್ಲರೂ ಒಪ್ಪಿದ್ದು ಹೀಗೆ: ಕೊಡುವುದನ್ನು ಒಂದು ಶಾಲೆಗೆ ಕೊಡೋಣ, ಅಲ್ಲಿ ಓದುವ ಎಲ್ಲ ಮಕ್ಕಳಿಗೂ ಸೇರುವ ಹಾಗೆ. ಫೋಟೊ ಬೇಡ, ಪತ್ರ ಬೇಡ, ಹೆಸರೂ ಬೇಡ. ಯಾವ ಶಾಲೆ ಎಂದಾಗ ನಿನ್ನ ಹೆಸರು ಹೇಳಿದೆ. ನಿನ್ನನ್ನು ಕೇಳದೆ ಹೇಳಿದ್ದಕ್ಕೆ ಬೈಯಬೇಡ. ಏನು ಬೇಕೆಂದು ನೀನೇ ಯೋಚಿಸು, ಬೆಳಗಿನ ತಿಂಡಿಯೋ, ಶೌಚಾಲಯಕ್ಕೆ ನೀರೋ, ಏಳನೆಯದು ಮುಗಿಸಿದವರು ಹೈಸ್ಕೂಲಿಗೆ ಹೋಗಲು ಬಸ್ಸೋ. ನೀನು ಹೇಳಿದ್ದೇ ಕೊನೆ ಮಾತು ಎಂದು ಬರೆಯಲು ಜೀವನ್ ಹೇಳಿ ಕಳಿಸಿದ್ದಾನೆ.

ಕಾರಿನಲ್ಲಿ ಬರುವಾಗ ಅಂತೋನಿ ನಾನು ಮುಚ್ಚಿಟ್ಟೆನೆಂದು ನೊಂದನೇನೋ ಎಂದುಕೊಂಡೆ. ಸಿಗ್ನಲ್ಲಿನಲ್ಲಿ ನಿಂತಾಗ, ಆ ಫ್ರಾಕಿನ ಬಣ್ಣ ಯಾವುದಿತ್ತು ಎಂದು ಮಾತ್ರ ಕೇಳಿದ. ಹಸಿರು, ಕೊರಳ ಪಟ್ಟಿ ಬಿಳಿ ಎಂದೆ. ವೆನಿಸಾ ಹಿಂದಿನ ಸೀಟಿನಿಂದ, ಅಜ್ಜಿಗೆ ಸಿಟ್ಟು ಬಂದಿತ್ತಾ ಎಂದು ಸ್ವೀಡಿಷಿನಲ್ಲಿ ಕೇಳಿದಳು. ಅಜ್ಜಿಗೆ ಸಿಟ್ಟು ಬಂದರೆ ಏನು ಮಾಡುತ್ತಿದ್ದಳೆಂದು ಕನ್ನಡದಲ್ಲಿ ಹೇಳುತ್ತಾ ಹೇಳುತ್ತಾ ಮನೆ ಬಂದುಬಿಟ್ಟಿತು, ಇಳಿಯಲು ಅವಳು ಒಪ್ಪಲಿಲ್ಲ. ಮೂವರೂ ನಿಲ್ಲಿಸಿದ ಕಾರಿನಲ್ಲೇ ಅರ್ಧ ಗಂಟೆ ಕೂತಿದ್ದೆವು.

ಹೀಗೆ ನಮ್ಮ ಹಬ್ಬವಾಯಿತು. ಮುಚ್ಚಿಟ್ಟದ್ದನ್ನೆಲ್ಲ ಹೇಳಿಬಿಟ್ಟೆ, ಮನಸ್ಸು ತೊಳೆದಿಟ್ಟ ಪಾತ್ರೆಯ ಹಾಗಿದೆ. ನಿನ್ನ ಮನೆಯವರಿಗೂ ಮಕ್ಕಳಿಗೂ ನನ್ನ ನೆನಪು ಹೇಳು.

ಎಂದೂ ನಿನ್ನವಳೇ ಆದ
ಸೆಲೀನ್

ತಾ.ಕ.: ಲಕೋಟೆ ಅಂಟಿಸಿಯಾದ ಮೇಲೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಎಲ್ಲವನ್ನೂ ಹೇಳಿಬಿಟ್ಟೆ ಎಂದೆನಲ್ಲ, ಅದು ಸುಳ್ಳು. ನಾವು ಆರನೆಯ ಕ್ಲಾಸಿನಲ್ಲಿದ್ದಾಗ ಉರ್ಸುಲಾ ಒಂದು ಪತ್ರದಲ್ಲಿ, ತನ್ನ ತಂಗಿಗೂ ಒಂದು ಮಗುವನ್ನು ಓದಿಸುವ ಆಸೆಯಿದೆ, ನಿನ್ನ ಗೆಳತಿಯರಲ್ಲಿ ಓದಿಗೆ ಸಹಾಯ ಬೇಕಾದವರು ಯಾರಾದರೂ ಇದ್ದಾರಾ ಎಂದು ಕೇಳಿದ್ದರು. ಕಾನ್ವೆಂಟಿನ ಸಿಸ್ಟರ್ ಅದನ್ನು ಓದಿ ಹೇಳಿ, ಉತ್ತರ ನೀನೇ ಬರೆ ಎಂದರು. ಯಾರೂ ಇಲ್ಲ ಎಂದು ಬರೆದೆ. ನಿನಗೆ ನನ್ನದಕ್ಕಿಂತ ದೊಡ್ಡ ಪೆಟ್ಟಿಗೆ ಬಂದೀತು ಎಂಬ ಹೊಟ್ಟೆಕಿಚ್ಚು, ಬೇರೇನೂ ಅಲ್ಲ. ಮರುವರ್ಷ ನೀನು ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತೆ, ಮತ್ತೆ ಶಾಲೆಗೆ ಬಂದದ್ದು ಎರಡು ವರ್ಷ ಕಳೆದ ಮೇಲೆ. ನಿನ್ನ ಆ ಎರಡು ವರ್ಷ ನನ್ನ ಕೈಯಿಂದ ಹೋದದ್ದು, ಪದ್ಮಿನಿ. ಡಿಸೆಂಬರಿನಲ್ಲಿ ಊರಿಗೆ ಬರುತ್ತೇನೆ, ಮೊದಲು ನಿನ್ನ ಮನೆಗೇ ಬರುತ್ತೇನೆ. ಬಾಗಿಲು ತೆಗೆಯುವುದು ನಿನಗೆ ಬಿಟ್ಟದ್ದು. ತೆಗೆದರೆ, ಮೊದಲು ಊಟ ಹಾಕು, ಆಮೇಲೆ ಬೈ.