ಎಂಬತ್ತೇಳನೆಯ ಮೀಟರಿನ ಬಿಸಿ

ಹತ್ತಿ ಗೋದಾಮಿನ ಮಾನ್ಯ ಅಧೀಕ್ಷಕರೇ,

ಗೋದಾಮು ಸುಟ್ಟುಹೋಗದಂತೆ ತಡೆದ ತಪ್ಪಿಗೆ ಕೂಲಿಯಾಳು ಕೊಟ್ರಮ್ಮನ ಮೇಲೆ ತಾವು ಮೆಮೋ ಹೊರಡಿಸಿ, ಹಾಜರಿ ಪುಸ್ತಕದಿಂದ ಆಕೆಯ ಹೆಸರು ತೆಗೆಸಿದ್ದೀರಿ. ಅಪ್ಪಣೆಯಿಲ್ಲದೆ ಸರ್ಕಾರಿ ಹತ್ತಿಯನ್ನು ಕದಲಿಸಿದ್ದು ಆಕೆಯ ಅಪರಾಧವಂತೆ. ಆ ದಿನ ಮಾಪನ ಯಂತ್ರದ ಮುಂದೆ ಕೂತಿದ್ದ ಗುಮಾಸ್ತೆ ನಾನು. ತಮ್ಮ ವರದಿಯಲ್ಲಿ ಇಲ್ಲದ್ದನ್ನು ಆದವಾನಿಯ ಜನರ ಮುಂದಿಡುತ್ತಿದ್ದೇನೆ.

ಕಳೆದ ನವೆಂಬರಿನಲ್ಲಿ ಎಂಜಿನಿಯರರು ಪ್ರಯೋಗಕ್ಕೆಂದು ಹತ್ತಿ ರಾಶಿಗಳೊಳಗೆ ಗಾಜಿನ ಎಳೆಯ ಕೇಬಲ್ ಹಾಸಿದರು. ಅದರಲ್ಲಿ ಬಿಟ್ಟ ಬೆಳಕು ದಾರಿಯುದ್ದಕ್ಕೂ ಚೂರುಚೂರೇ ಹಿಂದಿರುಗುತ್ತದೆ. ಬರಲು ಹಿಡಿದ ಹೊತ್ತಿನಿಂದ ಜಾಗ ತಿಳಿಯುತ್ತದೆ, ಬಂದ ಬೆಳಕಿನ ಬಗೆಯಿಂದ ಅಲ್ಲಿನ ಬಿಸಿ ತಿಳಿಯುತ್ತದೆ. ಇಷ್ಟನ್ನು ಅವರು ನಮಗೆಲ್ಲ ವಿವರಿಸುವಾಗ ತಾವು ಫೋಟೋಗ್ರಾಫರನನ್ನು ಹುಡುಕುತ್ತಿದ್ದಿರಿ. ಯಂತ್ರದ ಪಕ್ಕ ನಿಂತ ತಮ್ಮ ಫೋಟೋ ಚೆನ್ನಾಗಿಯೇ ಬಂದಿದೆ.

ಡಿಸೆಂಬರಿನಲ್ಲಿ ಪತ್ತಿಕೊಂಡದ ಕಡೆಯಿಂದ ಮಳೆಗೆ ನೆನೆದ ಹತ್ತಿ ಬಂತು. ಒಣಗಿಸದೆಯೇ ಆ ಕೇಬಲಿನ ಮೇಲೆ ರಾಶಿ ಹಾಕಿಸಿದಿರಿ. ಸೋಮವಾರ ಕೇಬಲಿನ ಎಂಬತ್ತೇಳನೆಯ ಮೀಟರಿನಲ್ಲಿ ಬಿಸಿ ಮೂವತ್ತೆಂಟು ಡಿಗ್ರಿ, ಮಂಗಳವಾರ ನಲವತ್ತಾರು, ಬುಧವಾರ ಬೆಳಿಗ್ಗೆ ಅರವತ್ತೊಂದು. ಕಾಗದ ಹಿಡಿದು ತಮ್ಮ ಕೋಣೆಗೆ ಓಡಿ ಬಂದೆ.

"ಬಾಗಿಲಿನ ಥರ್ಮಾಮೀಟರಿನ್ಯಾಗ ಎಷ್ಟೈತಿ?" ಎಂದು ಕೇಳಿದಿರಿ.

"ಮೂವತ್ತು, ಸಾರ್. ಆದರ ರಾಶಿ ಒಳಗ—"

"ನಮ್ಮ ರಿಜಿಸ್ಟರಿನ್ಯಾಗ ಬರೆಯೋದು ಬಾಗಿಲಿಂದು. ಆ ದಾರ ಇನ್ನೂ ಪರೀಕ್ಷೆಯೊಳಗೈತಿ. ಆಪೇಯಂಡಿ, ಬಂದ್ ಮಾಡ್ರಿ ಆ ಮಿಷನ್ನು."

ಬೇರೆಯವರು ಹೆದರಿಯಾರು ಎಂಬ ಕಾರಣ ಕೊಟ್ಟು, ಯಂತ್ರದ ಸ್ವಿಚ್ಚನ್ನು ತಾವೇ ಬಂದು ಆರಿಸಿದಿರಿ. ಜ್ವರ ಬಂದವನ ಬಾಯಿಂದ ಥರ್ಮಾಮೀಟರ್ ಕಿತ್ತರೆ ಜ್ವರ ಇಳಿಯುತ್ತದೆ ಎಂದು ತಮಗೆ ಯಾವ ಇಲಾಖೆ ಕಲಿಸಿತು?

ನಾನು ಅಂಗಳಕ್ಕೆ ಹೋಗಿ ಕೊಟ್ರಮ್ಮನನ್ನು ಕರೆದೆ. ಇಪ್ಪತ್ತು ವರ್ಷದಿಂದ ಹತ್ತಿ ಹರವಿ ಬಂದವಳು ಆಕೆ. ನಾನು ತೋರಿಸಿದ ಕಡೆ ತೋಳನ್ನು ಮೊಣಕೈವರೆಗೆ ತೂರಿಸಿ, ಕೂಡಲೇ ಹಿಂದಕ್ಕೆಳೆದುಕೊಂಡಳು.

"ಒಳಗ ಕುದ್ದೈತ್ರಿ ಬಾಯಾರ. ತಡಮಾಡಿದ್ರ ಹತ್ಕೊಂತೈತಿ."

"ಸಾಹೇಬರು ಒಪ್ಪಿಲ್ಲ, ಕೊಟ್ರಮ್ಮ."

"ಅವ್ರು ಒಪ್ಪಿದ್ರ ಬೆಂಕಿ ನಿಂದ್ರತೈತೇನ್ರಿ?"

ಆರು ಜನ ಹೆಂಗಸರು ರಾಶಿ ಬಿಚ್ಚಿ ಹತ್ತಿಯನ್ನು ಹೊರಗೆಳೆದರು. ನಾನು ಕೊಡದಲ್ಲಿ ನೀರು ತಂದೆ. ನಡುವೆ ಕರಕಾದ ಒಂದು ಗಡ್ಡೆ ಹೊಗೆಯಾಡುತ್ತಿತ್ತು. ಗಾಳಿ ತಗಲಿದೊಡನೆ ಅದು ಕೆಂಪಗಾಯಿತು. ಪಕ್ಕದ ಒಣ ರಾಶಿಗೆ ಅದು ಉರುಳುವ ಮೊದಲು ಕೊಟ್ರಮ್ಮ ಎರಡೂ ಕೈಯಲ್ಲಿ ಎತ್ತಿ ಅಂಗಳಕ್ಕೆ ಒಯ್ದು ಎಸೆದಳು. ನಾನು ನೀರು ಸುರಿಯುವಾಗ ಆಕೆ ಅಂಗೈಗಳನ್ನು ಎದೆಗವಚಿಕೊಂಡು ಗೋಡೆಗೊರಗಿ ಕೂತಿದ್ದಳು. ನನಗೇ ಅಳು ಬಂತು.

ತಮ್ಮ ವರದಿ ಹೇಳುತ್ತದೆ: ತಾಪಮಾನದಲ್ಲಿ ಏರಿಕೆಯಾಗಿಲ್ಲ. ಹಾಗಿದ್ದರೆ ಆ ಅಂಗೈಗಳು ತಣ್ಣೀರಿಗೆ ಬೆಂದವೇ? ಆರಿಸಿದ ಯಂತ್ರ ಏರಿಕೆ ತೋರಿಸಲಿಲ್ಲ ಎನ್ನುವುದು ನಿಜವೇ. ಅರವತ್ತೊಂದು ಡಿಗ್ರಿಯ ಆ ಕಾಗದ ಮಾತ್ರ ನನ್ನ ಬಳಿ ಇದೆ.

ನನ್ನ ಬೇಡಿಕೆ ದೊಡ್ಡದಲ್ಲ. ಸೋಮವಾರದೊಳಗೆ ಮೆಮೋ ಹಿಂದೆ ತೆಗೆದುಕೊಳ್ಳಿ, ಕೊಟ್ರಮ್ಮನ ಹೆಸರನ್ನು ಹಾಜರಿ ಪುಸ್ತಕಕ್ಕೆ ಮರಳಿ ಸೇರಿಸಿ, ಗೋದಾಮಿನಲ್ಲಿ ಹತ್ತಿ ಇರುವಷ್ಟು ದಿನ ಯಂತ್ರ ನಡೆಯಲಿ. ಆಗದೆಂದರೆ, ಮೆಮೋವನ್ನು ಜವಾನನ ಕೈಯಲ್ಲಿ ಕಳಿಸಬೇಡಿ. ಆಸ್ಪತ್ರೆಯ ಹೆಂಗಸರ ವಾರ್ಡಿಗೆ ತಾವೇ ಬಂದು ಆಕೆಯ ಮಂಚದ ಬಳಿ ನಿಂತು ಓದಿ ಹೇಳಿ. ಕಾಗದ ಹಿಡಿಯುವುದು ಆಕೆಗೆ ಆಗುವುದಿಲ್ಲ. ಮುಟ್ಟಿದ್ದಕ್ಕೆ ಹೆಬ್ಬೆಟ್ಟಿನ ಗುರುತು ಬೇಕಿದ್ದರೆ ಕಾಯಬೇಕಾದೀತು. ಎರಡೂ ಕೈಗೆ ಬಟ್ಟೆ ಸುತ್ತಿದೆ.

ಇಂತಿ,
ಮುಂದಿನ ಮೆಮೋಗೆ ಹೆಸರು ಹುಡುಕುವ ಶ್ರಮ ತಮಗೆ ಬೇಡವೆಂದು ಸಹಿ ಹಾಕಿರುವ
ತುಳಸಿಬಾಯಿ, ಗುಮಾಸ್ತೆ
ಆದವಾನಿ, ಜನವರಿ ೧೯೮೯