ನಿಂತರೆ ಆರುವ ಬಲ್ಬು

ಫರಂಗಿಪೇಟೆ
೧೫ ಸೆಪ್ಟೆಂಬರ್ ೨೦೨೪, ಭಾನುವಾರ

ಪ್ರೀತಿಯ ಜ್ಯೋತ್ಸ್ನಾ,

ಹೇಗಿದ್ದೀ? ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನುಂಗುತ್ತಿದ್ದೀಯೋ, ಅಲ್ಲಿಯೂ ಚಹಾ ಕುಡಿದ ಮೇಲೆಯೇ ನೆನಪಾಗುತ್ತದೋ? ಅತ್ತೆಯ ಕಾಲಿನ ಬಾವು ಇಳಿಯಿತೇ? ನವ್ಯಾ ಶನಿವಾರಗಳಲ್ಲಿ ಹಾಸ್ಟೆಲಿನಿಂದ ನಿನ್ನಲ್ಲಿಗೆ ಬರುತ್ತಾಳಂತೆ. ಮೂಡುಬಿದಿರೆಯಿಂದ ಪುತ್ತಿಗೆ ಹತ್ತಿರವೇ ತಾನೇ, ಒಳ್ಳೆಯದಾಯಿತು. ನನಗೂ ಫೋನ್ ಮಾಡುತ್ತಾಳೆ. "ಊಟ ಆಯ್ತಾ ಪಪ್ಪಾ" ಎಂದು ಕೇಳುತ್ತಾಳೆ, "ಆಯ್ತು ಮಗಾ" ಅನ್ನುತ್ತೇನೆ, ಆಮೇಲೆ "ನೆಟ್‌ವರ್ಕ್ ಸರಿ ಇಲ್ಲ" ಎಂದು ಇಬ್ಬರೂ ಫೋನ್ ಇಡುತ್ತೇವೆ. ನಾನು ಸೌಖ್ಯ. ಗಂಜಿ ಬೇಯಿಸಲು ಕಲಿತಿದ್ದೇನೆ. ಮೊನ್ನೆ ನಾನು ಮಾಡಿದ ಒಣಮೀನಿನ ಚಟ್ನಿಯನ್ನು ಬೆಕ್ಕು ಮೂಸಿತು, ನನ್ನ ಮುಖ ನೋಡಿತು, ಎದ್ದು ಹೋಯಿತು.

ಇಪ್ಪತ್ತು ವರ್ಷ ನಿನ್ನೊಡನೆ ತುಳುವಿನಲ್ಲೇ ಮಾತಾಡಿ, ಈಗ ಕನ್ನಡದಲ್ಲಿ ಬರೆಯುವಾಗ ಪಂಚಾಯತಿಗೆ ಅರ್ಜಿ ಹಾಕಿದ ಹಾಗಾಗುತ್ತದೆ. ಅರ್ಜಿ ಎಂದೇ ಇಟ್ಟುಕೋ. ನೀನು ಫೋನ್ ಎತ್ತುವುದಿಲ್ಲ, ಎತ್ತಿದರೂ "ಹೂಂ" ಅಷ್ಟೇ. ಆ ಹೂಂ ಕೇಳಿದ ಮೇಲೆ ನನ್ನ ಮಾತು ಅಲ್ಲಿಗೇ ಮುಗಿಯುತ್ತದೆ. ಕಾಗದ ಹೂಂ ಅನ್ನುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನೀನು ಹೋಗಿ ಇವತ್ತಿಗೆ ನಲವತ್ತು ದಿನ. ಅಮ್ಮ ತೀರಿಕೊಂಡು ಬೊಜ್ಜದ ಊಟ ಮುಗಿದ ಮರುದಿನವೇ ಒಂದು ಚೀಲ ಹಿಡಿದು ಹೊರಟೆ. ತಡೆಯಲು ನನಗೆ ಬಾಯಿ ಬರಲಿಲ್ಲ, ಯಾಕೆಂದರೆ ಹಿಂದಿನ ದಿನವೇ ಅದು ಬಿದ್ದುಹೋಗಿತ್ತು. ಐವತ್ತು ಜನರ ಎದುರು ವಾರಿಜಕ್ಕ ಹೇಳಿದಳಲ್ಲ, "ಸಂಜೆ ಐದು ಗಂಟೆಗೆ ನೆಲ ಒರೆಸುವ ಚಾಳಿ ಯಾರದ್ದು ಈ ಮನೆಯಲ್ಲಿ? ಆ ನೀರೇ ನನ್ನ ಅಮ್ಮನನ್ನು ತಿಂದದ್ದು." ನಿನ್ನ ಕೈಯಲ್ಲಿ ಸಾಂಬಾರಿನ ಸೌಟು ಇತ್ತು. ನೀನು ಅಕ್ಕನನ್ನು ನೋಡಲಿಲ್ಲ, ನನ್ನನ್ನು ನೋಡಿದೆ. ನಾನು ಶಾಮಿಯಾನಕ್ಕೆ ಕಟ್ಟಿದ ಟ್ಯೂಬ್‌ಲೈಟಿನ ವಯರನ್ನು ನೋಡಿದೆ, ಅಲ್ಲಿ ಏನೋ ರಿಪೇರಿ ಉಂಟು ಎನ್ನುವ ಹಾಗೆ. ಅಲ್ಲಿ ಏನೂ ಇರಲಿಲ್ಲ. ಆ ಹೊತ್ತಿನಲ್ಲಿ ಆ ಜಾಗದಲ್ಲಿ ಸರಿಯಾಗಿ ಇದ್ದದ್ದು ಆ ವಯರು ಒಂದೇ.

ಇನ್ನು ವ್ಯಾಪಾರದ ಸುದ್ದಿ. "ಆಡಿಟ್ ನಡೀತದಾ ಇಲ್ವಾ" ಎಂದು ನೀನು ನವ್ಯಾಳ ಹತ್ತಿರ ಕೇಳಿದೆಯಂತೆ. ನಡೆಯುತ್ತದೆ, ಚೆನ್ನಾಗಿಯೇ ನಡೆಯುತ್ತದೆ. ಮಂಗಳೂರಿನಲ್ಲಿ ಕರೆಂಟಿನ ಆಡಿಟ್ ಬಗ್ಗೆ ಎರಡು ದಿನದ ತರಬೇತಿ ಮುಗಿಸಿ ಬಂದ ದಿನ ನಾನು ಕುಣಿದದ್ದು ನೆನಪುಂಟಾ? ಹೊಸ ಮನೆಯ ವಯರಿಂಗಿಗೆ ಈಗ ಕೇರಿಗೆ ನಾಲ್ಕು ಮಂದಿ ಕಂಟ್ರಾಕ್ಟರರು; ಕಟ್ಟಿ ಮುಗಿದ ಮನೆಗೆ ಹೋಗಿ ಎಲ್ಲಿ ಎಷ್ಟು ಕರೆಂಟು ಸೋರುತ್ತದೆ ಎಂದು ಅಳೆದು ಹೇಳುವವನು ಇಡೀ ಬಂಟ್ವಾಳದಲ್ಲಿ ನಾನೊಬ್ಬನೇ ಎಂದು ಎಷ್ಟು ಜಂಬ ನನಗೆ. ತಿಂಗಳಿಗೆ ಇನ್ನೂರು ಯೂನಿಟಿನ ಒಳಗೆ ನಿಂತರೆ ಸರಕಾರ ನೋಡಿಕೊಳ್ಳುತ್ತದೆ, ಗೆರೆ ದಾಟಿದರೆ ಪೂರ್ತಿ ಬಿಲ್ ತಲೆಗೆ. ಹಾಗಾಗಿ ಗೆರೆಯ ಆಚೆ ಒಂದು ಕಾಲಿಟ್ಟು ನಿಂತವರೆಲ್ಲ ನಮ್ಮ ಗಿರಾಕಿಗಳು ಎಂದು ನಿನಗೆ ಚಿತ್ರ ಬರೆದು ತೋರಿಸಿದ್ದೆ. ನೀನು ಬಸಳೆ ಬಿಡಿಸುತ್ತ, "ಬಿ.ಎ. ಓದಿ ವಯರು ಎಳೆದದ್ದಾಯ್ತು, ಇನ್ನು ಊರಿನವರ ಕಿವಿ ಎಳೆಯುವುದಾ ಮಾರಾಯ್ರೆ" ಎಂದಿದ್ದೆ.

ಕಿವಿ ಎಳೆಯುವುದು ಅಷ್ಟು ಸುಲಭವಲ್ಲ. ಆಡಿಟ್ ಎಂದ ಕೂಡಲೇ ಅರ್ಧ ಜನ ಇನ್‌ಕಮ್ ಟ್ಯಾಕ್ಸಿನವರು ಎಂದು ಗೇಟು ತೆಗೆಯುವುದಿಲ್ಲ. ಮಾಣಿ ಊರಿನ ಶೀನಪ್ಪಣ್ಣ ತೆಗೆದರು. ಕ್ರಮ ನಿನಗೆ ಗೊತ್ತಲ್ಲ, ಮೊದಲು ಮನೆಯ ಎಲ್ಲ ಸ್ವಿಚ್ಚು ಆಫ್ ಮಾಡಿಸಿ ಮೀಟರಿನ ಎದುರು ನಿಲ್ಲುವುದು. ಅದರ ಕೆಂಪು ಚುಕ್ಕೆ ಆಗಲೂ ಮಿನುಗಿದರೆ ಯಾವುದೋ ಮೂಲೆಯಲ್ಲಿ ಯಾವುದೋ ಕದ್ದು ತಿನ್ನುತ್ತ ಉಂಟು ಎಂದು ಅರ್ಥ. ಶೀನಪ್ಪಣ್ಣನಲ್ಲಿ ಮಿನುಗಿತು. ಹುಡುಕಿದರೆ ಅಟ್ಟದಲ್ಲಿ ಒಂದು ಹಳೇ ಫ್ರಿಜ್ಜು. ಒಳಗೆ ಜಾಗದ ದಾಖಲೆ ಪತ್ರ, ಮದುವೆಯ ಆಲ್ಬಮ್, ಒಂದು ಲಿಂಬೆಹುಳಿ. "ಗೆದ್ದಲು ಹಿಡೀಬಾರದಲ್ಲ ಮಾರಾಯಾ, ತಣ್ಣಗಿದ್ರೆ ಹತ್ತಿರ ಬರುವುದಿಲ್ಲ" ಎಂದರು. ನಾಲ್ಕು ವರ್ಷದಿಂದ ಓಡುತ್ತಿತ್ತಂತೆ. ಲಿಂಬೆಹುಳಿ ಯಾಕೆ ಎಂದು ಕೇಳಿದೆ. "ಫ್ರಿಜ್ಜು ಅಲ್ವಾ, ಏನಾದ್ರೂ ತಿನ್ನುವಂಥದ್ದು ಇರಬೇಕು." ನಗು ತಡೆಯಲಾಗದೆ ಇದನ್ನು ನಿನಗೆ ಹೇಳಬೇಕೆಂದು ಅಲ್ಲೇ ಫೋನ್ ತೆಗೆದೆ. ನಿನ್ನ ಹೆಸರು ಒತ್ತುವ ಮೊದಲು ನೆನಪಾಯಿತು.

ನಮ್ಮ ಮನೆಯ ಆಡಿಟ್ ನಿನಗೆ ಗೊತ್ತೇ ಉಂಟು. ಮೇ ತಿಂಗಳಲ್ಲಿ ಮೊದಲು ಅಳೆದದ್ದೇ ಅದನ್ನು, ಗಿರಾಕಿಗಳಿಗೆ ತೋರಿಸಲಿಕ್ಕೆ. ಇನ್ನೂರ ಇಪ್ಪತ್ತಾರು ಯೂನಿಟ್. ದೊಡ್ಡ ಕಳ್ಳ ಎಂದರೆ ಬಚ್ಚಲಿಗೆ ಹೋಗುವ ಓಣಿಯ ನಲವತ್ತು ವಾಟಿನ ಬಲ್ಬು. ಆ ಓಣಿಗೆ ಕಿಟಕಿ ಇಲ್ಲ, ಹಗಲಲ್ಲೂ ಕತ್ತಲು, ಅಮ್ಮ ಅದನ್ನು ಆರಿಸಲು ಬಿಡುತ್ತಿರಲಿಲ್ಲ. ಎಲ್‌ಇಡಿ ಹಾಕಿದೆ. ಇನ್ನೂರ ನಾಲ್ಕಕ್ಕೆ ಇಳಿಯಿತು. ನಾಲ್ಕು ಯೂನಿಟ್, ಜ್ಯೋತ್ಸ್ನಾ. ಆ ನಾಲ್ಕಕ್ಕಾಗಿ ಅಲ್ಲಿ ಸೆನ್ಸರ್ ಕೂರಿಸಿದೆ, ಆಳು ಅಲುಗಾಡಿದರೆ ಹತ್ತುವ, ಅಲುಗಾಡದಿದ್ದರೆ ಮೂವತ್ತು ಸೆಕೆಂಡಿನಲ್ಲಿ ಆರುವ ಜಾತಿಯದ್ದು. ನನ್ನ ಟಿವಿಯ ಸೆಟ್‌ಟಾಪ್ ಬಾಕ್ಸು ನೋಡುವವರಿಲ್ಲದೆಯೂ ದಿನವಿಡೀ ಉರಿದು ತಿಂಗಳಿಗೆ ಏಳು ಯೂನಿಟ್ ತಿನ್ನುತ್ತದೆ. ಅದರ ಪಿನ್ನು ಕಿತ್ತಿದ್ದರೂ ಸಾಕಿತ್ತು. ಆಗ ವಿಶ್ವಕಪ್ಪು ಹತ್ತಿರ ಇತ್ತು, ಕಿತ್ತಿಡಲಿಲ್ಲ. ಜೂನಿನ ಬಿಲ್ಲಿನಲ್ಲಿ ನೂರ ತೊಂಬತ್ತೆಂಟು ಬಂದಾಗ ಅದನ್ನು ಲ್ಯಾಮಿನೇಷನ್ ಮಾಡಿಸಿದೆ. ಕರಪತ್ರಕ್ಕೆ ಸಾಲು ಕಟ್ಟಿದೆ:

ನಡೆದರೆ ಬೆಳಕು, ನಿಂತರೆ ಉಳಿಕೆ,
ಇನ್ನೂರರೊಳಗೆ ನಿಮ್ಮಯ ಬಳಕೆ.

ಸಾವಿರ ಪ್ರತಿ ಅಚ್ಚು ಹಾಕಿಸಿದೆ. ನೀನು ಓದಿ "ಪ್ರಾಸ ಚಂದ ಉಂಟು, ಕರೆಂಟಿಗಿಂತ" ಎಂದೆ. ಅಮ್ಮನಿಗೆ ಓದಿ ಹೇಳಿದೆ. ಅವರು ಆ ಬಲ್ಬನ್ನು ಮೊದಲಿನಿಂದಲೂ ನಂಬಿರಲಿಲ್ಲ. "ನಾನು ಮನೆಯಲ್ಲಿ ಇದ್ದೇನೆ ಅಂತ ನಿನ್ನ ಬಲ್ಬಿಗೆ ಪ್ರತಿ ಸಲ ಕೈ ಬೀಸಿ ಹೇಳಬೇಕು ಮಗಾ, ಬಸ್ಸಿಗೆ ಕೈ ತೋರಿಸಿದ ಹಾಗೆ. ಆ ಬಸ್ಸಾದರೂ ಕೆಲವೊಮ್ಮೆ ನಿಲ್ತದೆ" ಎನ್ನುತ್ತಿದ್ದರು. ನಾವು ಮೂವರೂ ನಕ್ಕೆವು. ನಾನು ಹೆಚ್ಚು ನಕ್ಕೆ. "ನಿಲ್ಲಬೇಡಿ ಅಮ್ಮ, ನಡೆಯುತ್ತ ಇರಿ, ಆರೋಗ್ಯಕ್ಕೂ ಒಳ್ಳೆಯದು" ಎಂದೆ. ಎಪ್ಪತ್ತೆಂಟು ವರ್ಷದ ಮಂಡಿಗೆ ಹೇಳುವ ಮಾತೇ ಅದು? ಅಮ್ಮ ಆ ಓಣಿಯ ನಡುವೆ ಒಮ್ಮೆ ನಿಲ್ಲದೆ ಯಾವತ್ತು ದಾಟಿದ್ದರು?

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ. ಕಳೆದ ಬುಧವಾರ ಬೆಳ್ತಂಗಡಿ ಕಡೆ ಮಡಂತ್ಯಾರಿಗೆ ಹೋಗಿದ್ದೆ, ಅಬ್ದುಲ್ ರವೂಫರ ಮನೆಗೆ. ಗಲ್ಫಿನಿಂದ ಬಂದು ಕಟ್ಟಿಸಿದ ದೊಡ್ಡ ಮನೆ, ನಡುವೆ ಕಿಟಕಿ ಇಲ್ಲದ ಉದ್ದ ಪಡಸಾಲೆ. ಅಲ್ಲಿ ಸೆನ್ಸರ್ ಜೋಡಿಸಿ, ಹಗಲಲ್ಲೇ ಬಾಗಿಲು ಹಾಕಿ ತೋರಿಸುತ್ತಿದ್ದೆ. ಅವರ ತಾಯಿ ಐಸಮ್ಮ ವಾಕರ್ ಹಿಡಿದು ಬಂದರು. ಅರ್ಧ ದಾರಿಯಲ್ಲಿ ಉಸಿರು ತೆಗೆಯಲು ನಿಂತರು. ಬಲ್ಬು ಆರಿತು. ಕತ್ತಲಲ್ಲಿ ಅವರ ಸ್ವರ ಬಂತು: "ಇದೆಂತ ಮಗಾ? ನಿಂತದ್ದಕ್ಕೆ ನಾನು ಸತ್ತೆ ಅಂತ ಲೆಕ್ಕ ಹಾಕಿತಾ ಇದು?" ರವೂಫ್ ಜೋರಾಗಿ ನಕ್ಕರು. ಐಸಮ್ಮನೂ ನಕ್ಕರು. ನಾನು ಬಾಗಿಲು ತೆರೆದೆ. ಅಲ್ಲೇ ಏಣಿ ಹತ್ತಿ ಅದನ್ನು ಬಿಚ್ಚಿದೆ. "ಯಾಕೆ, ಚೆನ್ನಾಗೇ ಉಂಟಲ್ಲ" ಎಂದರು ರವೂಫ್. ಇಲ್ಲ ಸಾಹೇಬ್ರೆ, ವಯಸ್ಸಾದವರಿರುವ ಮನೆಗೆ ಆಗುವುದಿಲ್ಲ ಎಂದೆ. ಆ ದಿನ ನನಗೆ ತಿಳಿಯಿತು ಜ್ಯೋತ್ಸ್ನಾ. ಅಮ್ಮ ಬಿದ್ದದ್ದು ನಿನ್ನ ನೀರಿನಿಂದ ಅಲ್ಲ, ನನ್ನ ಬಲ್ಬಿನಿಂದ.

ಮನೆಗೆ ಬಂದು ನಮ್ಮದನ್ನೂ ಕಿತ್ತು ಮೊದಲಿನ ಸ್ವಿಚ್ಚನ್ನೇ ಹಾಕಿದೆ. ಕರಪತ್ರಗಳನ್ನು ಬಚ್ಚಲೊಲೆಗೆ ಹಾಕಿದೆ, ಎರಡು ಹಂಡೆ ನೀರು ಕಾದಿತು. ಇನ್ನು ಮುಂದೆ ಆಡಿಟ್‌ಗೆ ಹೋದರೆ ಮೀಟರಿಗಿಂತ ಮೊದಲು ಮನೆಯ ಹಿರಿಯರು ಎಲ್ಲಿ ನಡೆಯುತ್ತಾರೆ, ಎಲ್ಲಿ ನಿಲ್ಲುತ್ತಾರೆ ಎಂದು ನೋಡುತ್ತೇನೆ. ಈ ತಿಂಗಳ ಬಿಲ್ ಬಂತು: ಅರವತ್ತೊಂದು ಯೂನಿಟ್. ಯಾವ ತರಬೇತಿಯಲ್ಲೂ ಹೇಳಿಕೊಡದ ಉಳಿತಾಯ. ಅದನ್ನು ಲ್ಯಾಮಿನೇಷನ್ ಮಾಡಿಸಲಿಲ್ಲ.

ಬಾ ಎಂದು ಕರೆಯುವುದಿಲ್ಲ, ಕರೆಯುವ ಬಾಯಿ ನನ್ನದಲ್ಲ. ಆದರೆ ಆಸ್ಪತ್ರೆಯ ಮೆಟ್ಟಿಲಲ್ಲಿ ಕುಳಿತು ನೀನು ನನ್ನನ್ನು ಕೇಳಿದ್ದೆಯಲ್ಲ, "ನೆಲ ಒದ್ದೆ ಇತ್ತಾ? ಸತ್ಯ ಹೇಳಿ. ನಾನು ಒರೆಸಿ ಹಾಲಿನ ಡಿಪೋಗೆ ಹೋದದ್ದು" ಎಂದು. ನಾನು "ಗಡಿಬಿಡಿಯಲ್ಲಿ ನೋಡಲಿಲ್ಲ" ಎಂದಿದ್ದೆ. ಆ ಪ್ರಶ್ನೆಯನ್ನು ನೀನು ಇನ್ನು ನಿನ್ನನ್ನೇ ಕೇಳಿಕೊಳ್ಳಬೇಡ. ನಿದ್ದೆ ಮಾಡು, ಮಾತ್ರೆ ಮರೆಯಬೇಡ. ಅತ್ತೆಗೆ ನನ್ನ ನಮಸ್ಕಾರ. ನವ್ಯಾಳ ತಲೆಯ ಮೇಲೆ ನನ್ನ ಬದಲಿಗೆ ಒಮ್ಮೆ ಕೈ ಇಡು.

ಇಂತು ನಿನ್ನ
ಜಿತೇಶ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಹರಿದೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳು ಉಂಟು. ಬುಧವಾರ ತಿಳಿಯಿತು ಎಂದೆನಲ್ಲ, ಅದು. ಐಸಮ್ಮ ನಿಂತದ್ದೂ ಬಲ್ಬು ಆರಿದ್ದೂ ನಿಜ, ಆದರೆ ಅದರಿಂದ ನನಗೆ ಹೊಸತೇನೂ ತಿಳಿಯಲಿಲ್ಲ. ಅಮ್ಮ ಬಿದ್ದ ಶಬ್ದ ಕೇಳಿ ನಾನು ಓಡಿ ಬಂದದ್ದು ಹತ್ತು ಸೆಕೆಂಡಿನಲ್ಲಿ. ಓಣಿ ಆಗಲೇ ಕತ್ತಲೆ, ಅಂದರೆ ಅವರು ಬೀಳುವ ಮೊದಲೇ ಬಲ್ಬು ಆರಿತ್ತು. ನಾನು ಒಳಗೆ ಕಾಲಿಟ್ಟ ಮೇಲೆ ಬಲ್ಬು ಹತ್ತಿತು. ಮಂಡಿಯೂರಿ ಅಮ್ಮನ ತಲೆ ಎತ್ತಿದೆ. ನೆಲ ಒಣಗಿತ್ತು, ನನ್ನ ಪ್ಯಾಂಟಿನ ಮಂಡಿ ಒದ್ದೆಯಾಗಲಿಲ್ಲ. ಅವರ ಊರುಗೋಲು ನೆಲದಲ್ಲಿ ಇರಲಿಲ್ಲ, ಗೋಡೆಗೆ ಒರಗಿಸಿ ಇಟ್ಟ ಹಾಗೆ ನಿಂತಿತ್ತು. ಜಾರಿ ಬಿದ್ದವರು ಕೋಲನ್ನು ಒರಗಿಸಿ ಬೀಳುವುದಿಲ್ಲ. ಬಲ್ಬಿಗೆ ಕೈ ಬೀಸಲಿಕ್ಕೆಂದು ಕೈ ಖಾಲಿ ಮಾಡಿಕೊಂಡಿದ್ದರು. ಇಷ್ಟೂ ನನಗೆ ಆ ಕ್ಷಣದಲ್ಲೇ ಅರ್ಥವಾಯಿತು, ಆಸ್ಪತ್ರೆಯ ಮೆಟ್ಟಿಲಲ್ಲಿ ನೀನು ಕೇಳಿದಾಗ ಗೊತ್ತಿತ್ತು, ಅಕ್ಕ ಹೇಳಿದಾಗ ಗೊತ್ತಿತ್ತು, ನೀನು ಸೌಟು ಹಿಡಿದು ನನ್ನನ್ನು ನೋಡಿದಾಗಲೂ ಗೊತ್ತಿತ್ತು. ಅಕ್ಕನಿಗೂ ಇದರ ಪ್ರತಿ ಹಾಕುತ್ತಿದ್ದೇನೆ. ಬಸ್ಸಿನಲ್ಲಿ ಕೊಟ್ಟು ಕಳಿಸಿದರೆ ಮುಂದಿನ ಸ್ಟಾಪಿನಲ್ಲಿ ಕಂಡಕ್ಟರನಿಂದ ವಾಪಸು ಕೇಳಿಬಿಟ್ಟೇನು ಎಂದು ಎರಡನ್ನೂ ಅಂಚೆ ಡಬ್ಬಿಗೇ ಹಾಕುತ್ತೇನೆ. ಬೊಜ್ಜದ ದಿನ ಅಮ್ಮನ ಫೋಟೋದ ಪಕ್ಕ ಇಡಬೇಕೆಂದು ನೀನು ಮನೆಯೆಲ್ಲ ಹುಡುಕಿದ ಕೋಲು ನಾನು ಹೇಳಿದ ಹಾಗೆ ಆಸ್ಪತ್ರೆಯಲ್ಲಿ ಕಳೆದದ್ದಲ್ಲ. ಇನ್ವರ್ಟರ್ ಬ್ಯಾಟರಿಯ ಹಿಂದೆ ಉಂಟು. ಶಾಕ್ ಹೊಡೆದೀತೆಂದು ನೀನು ಕೈ ಹಾಕದ ಜಾಗ ಅದೊಂದೇ ಎಂದು ಅಲ್ಲಿ ಇಟ್ಟೆ.